ಬಿದಿರಿನ ಮೇಲೆ ಒಂದು ಹೆಸರು

ನಮ್ಮ ಕಡೆಯ ಮಕ್ಕಳಿಗೆ ಬಿದಿರು ಗೊತ್ತು, ಬಿದಿರುಮೆಳೆ ಗೊತ್ತಿಲ್ಲ. ಮೊರ, ಬುಟ್ಟಿ, ನಿಚ್ಚಣಿಕೆ, ಹಂದರದ ಗಳ, ಜಾತ್ರೆಯ ನಂದಿಕೋಲು ಎಲ್ಲವನ್ನೂ ಅವರು ಕಂಡಿದ್ದಾರೆ. ಆದರೆ ಅದೇ ಬಿದಿರು ನೆಲದಿಂದ ಎದ್ದು ನಿಂತು ಗಾಳಿಗೆ ತೂಗುವುದನ್ನು ಕಂಡವರು ಕಡಿಮೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹಾಯ್ದು ಬರುವ ಕಾಲುದಾರಿಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ನಡೆದಿದ್ದೇನೆ. ಶ್ರಾವಣ ಸೋಮವಾರ ನಮ್ಮವ್ವ ನನ್ನನ್ನು ಕರೆದುಕೊಂಡು ಬರುತ್ತಿದ್ದಳು. ಕೆಂಪು ಮರಳುಗಲ್ಲಿನ ಬಂಡೆ, ಕಾರೆಕಂಟಿ, ಕವಳಿಗಿಡ, ಜಾಲಿ, ಮತ್ತೆ ಬಂಡೆ. ಇಳಿದು ಮಹಾಕೂಟದ ಹೊಂಡ ಮುಟ್ಟಿದ ಮೇಲೆಯೇ ನೆರಳು, ನೀರಿನ ತಂಪು. ಆ ಊರಿನ ಹತ್ತಿರದ ಶಾಲೆಯಲ್ಲಿ ಕಲಿಸುವ ನನಗೂ ಬಿದಿರಿನ ಕಾಡೆಂದರೆ ಪಾಠಪುಸ್ತಕದ ಮಾತೇ ಆಗಿತ್ತು, 2006ರ ಡಿಸೆಂಬರಿನವರೆಗೆ.

ಆ ವರ್ಷ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನಾವು ಮೂವರು ಶಿಕ್ಷಕರು ಪ್ರವಾಸ ಹೊರಟೆವು. ಶ್ರವಣಬೆಳಗೊಳ, ಮೈಸೂರು, ಬೈಲಕುಪ್ಪೆ ಮುಗಿಸಿ ನಾಲ್ಕನೆಯ ದಿನ ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮಕ್ಕೆ ಹೋದೆವು. ಅದೊಂದು ನಡುಗಡ್ಡೆ. ಕಾವೇರಿ ಅಲ್ಲಿ ಎರಡಾಗಿ ಒಡೆದು, ಸುಮಾರು 64 ಎಕರೆ ನೆಲವನ್ನು ತೆಕ್ಕೆಯಲ್ಲಿಟ್ಟುಕೊಂಡು ಮತ್ತೆ ಒಂದಾಗುತ್ತದೆ. 1989ರಲ್ಲಿ ಅದನ್ನು ಪ್ರವಾಸಿ ತಾಣವಾಗಿ ಮಾಡಿದರು. ತೂಗುಸೇತುವೆ ದಾಟಿ ಹೋಗಬೇಕು. ಸೇತುವೆಯ ಮೇಲೆ ನಮ್ಮ ಹುಡುಗರು ಬೇಕೆಂದೇ ಕುಣಿದು ಅದನ್ನು ಅಲ್ಲಾಡಿಸಿದರು, ಹುಡುಗಿಯರು ಚೀರಿದರು, ನಾನು ಬೈದೆ. ಅಲ್ಲಿಯವರೆಗೆ ಎಲ್ಲವೂ ಎಲ್ಲ ಪ್ರವಾಸಗಳಲ್ಲಿ ಇರುವಂತೆಯೇ ಇತ್ತು.

ಸೇತುವೆ ಇಳಿದು ನೂರು ಹೆಜ್ಜೆ ನಡೆದ ಮೇಲೆ ಮಕ್ಕಳು ತಾವಾಗಿಯೇ ಸುಮ್ಮನಾದರು. ನಲವತ್ತು ಮಕ್ಕಳು ಯಾರೂ ಹೇಳದೆ ಒಮ್ಮೆಲೇ ಮಾತು ನಿಲ್ಲಿಸಿದ್ದನ್ನು ನನ್ನ ಇಡೀ ನೌಕರಿಯಲ್ಲಿ ನಾನು ಮತ್ತೆ ಕಂಡಿಲ್ಲ. ದಾರಿಯ ಎರಡೂ ಬದಿಗೆ ಹೆಬ್ಬಿದಿರಿನ ಮೆಳೆಗಳು. ಒಂದೊಂದು ಗಳವೂ ನಮ್ಮ ತೊಡೆಯ ಗಾತ್ರದ್ದು. ಎಪ್ಪತ್ತು ಎಂಬತ್ತು ಅಡಿ ಮೇಲೆ ಹೋಗಿ, ಅಲ್ಲಿ ಬಾಗಿ, ಎದುರು ಬದಿಯ ಗಳಗಳೊಂದಿಗೆ ತಲೆ ಕೂಡಿಸಿ ಚಪ್ಪರವಾಗಿತ್ತು. ಬಿಸಿಲು ಕೆಳಗೆ ಇಳಿಯುವಷ್ಟರಲ್ಲಿ ಹಸಿರು ನೀರಿನಂತಾಗುತ್ತಿತ್ತು. ಕಾಲ ಕೆಳಗೆ ಒಣ ಎಲೆಯ ದಪ್ಪ ಹಾಸು. ಹೆಜ್ಜೆಯ ಸಪ್ಪಳವಿಲ್ಲ. ಗಾಳಿ ಬಂದಾಗ ಮೇಲೆಲ್ಲೋ ಗಳಕ್ಕೆ ಗಳ ತಿಕ್ಕಿ ಕಿರ್ರೆಂದು ಒಂದು ದನಿ ಹುಟ್ಟುತ್ತಿತ್ತು. ಹಳೆಯ ತೊಟ್ಟಿಲು ತೂಗಿದರೆ ಬರುವ ದನಿ. ಒಬ್ಬ ಹುಡುಗಿ ನನ್ನ ಸೆರಗು ಜಗ್ಗಿ, "ಯಾರ ಅಳಾಕತ್ತಾರ್ರೀ ಟೀಚರ್ರೀ?" ಎಂದು ಪಿಸುಗುಟ್ಟಿದಳು.

ಪಾಠ ಹೇಳುವ ಚಟ ನನ್ನನ್ನು ಅಲ್ಲಿಯೂ ಬಿಡಲಿಲ್ಲ. ಬಿದಿರು ಮರವಲ್ಲ, ಹುಲ್ಲು ಎಂದೆ. ನಮ್ಮ ಹೊಲದ ಜೋಳದ ದಂಟಿಗೆ, ಕಬ್ಬಿಗೆ ಇದು ಅಣ್ಣನಾಗಬೇಕು ಎಂದೆ. ಮಕ್ಕಳು ನಕ್ಕರು. ಆದರೆ ಗಂಟು ಗಂಟಾಗಿ ಮೇಲೇರಿದ ಆ ಗಳಗಳನ್ನು ಮುಟ್ಟಿ ನೋಡಿದ ಮೇಲೆ ನಗು ನಿಂತು, ಹೌದೆನ್ನುವಂತೆ ತಲೆಯಾಡಿಸಿದರು. ಜೋಳದ ದಂಟನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಬಿದಿರಿನ ಮೇಲೆಲ್ಲ ಹೆಸರುಗಳಿದ್ದವು. ಹೆಬ್ಬಿದಿರಿನ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಾಗಿರುತ್ತವೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರಿನ ಬಗ್ಗೆ ಅಧ್ಯಯನ ಮಾಡಿದಾಗ, ಕಡಿಯಲು ಅನುಕೂಲವಾಗಲೆಂದು ಈ ಮುಳ್ಳನ್ನು ತೆಗೆದುಹಾಕುವುದರಿಂದಲೇ ಎಳೆಯ ಕಳಲೆಗಳು ದನದ ಬಾಯಿಗೆ ಸಿಕ್ಕುತ್ತವೆ ಎಂದು ಅಲ್ಲಿಯ ಹಳ್ಳಿಗರು ತೋರಿಸಿಕೊಟ್ಟರಂತೆ. ದಾರಿಯ ಬದಿಯಲ್ಲಿ ಮುಳ್ಳು ಸವರಿದ್ದಲ್ಲೆಲ್ಲ ಬಿದಿರು ಮನುಷ್ಯರ ಕೈಗೆ ಸಿಕ್ಕಿತ್ತು. ಹೆಸರು, ತಾರೀಖು, ಊರು, ಬಾಣ ನೆಟ್ಟ ಹೃದಯ. ಕೈ ಎಟುಕುವಷ್ಟು ಎತ್ತರದವರೆಗೆ ಬರವಣಿಗೆ, ಅಲ್ಲಿಂದ ಮೇಲೆ ಬರಿಯ ಹಸಿರು.

ನಾನು ಅವುಗಳನ್ನು ಓದುತ್ತ ನಡೆದೆ. "ನೋಡ್ರಿ, ಹಿಂಗ ಮಾಡಬಾರದು" ಎಂದು ಒಮ್ಮೆ ಹೇಳಿರಬೇಕು. ಸಿಟ್ಟೇನೂ ಬಂದಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದಕ್ಕೆ ಇದು ಬೇಕಾಗುತ್ತದೆ.

ಮರಳುವ ಹೊತ್ತಿಗೆ ಎಣಿಸಿದರೆ ಒಬ್ಬ ಹುಡುಗ ಕಡಿಮೆ. ಹಿಂದಕ್ಕೆ ಹೋಗಿ ನೋಡಿದೆ. ದಾರಿ ತಿರುಗುವಲ್ಲಿ ಒಂದು ಮೆಳೆಯೊಳಗೆ ತೋಳು ತೂರಿಸಿಕೊಂಡು ಏನೋ ಕೆತ್ತುತ್ತಿದ್ದ. ಕೈಯಲ್ಲಿ ಒಂದು ಮೊಳೆ. ನನ್ನ ಹಿಂದೆಯೇ ಹತ್ತಾರು ಮಕ್ಕಳು ಓಡಿ ಬಂದರು. ಬಿದಿರಿನ ಮೇಲೆ ಒಂದು ಹೆಣ್ಣುಮಗಳ ಹೆಸರಿತ್ತು, ದುಂಡಗಿನ ಅಕ್ಷರದಲ್ಲಿ, ತಪ್ಪಿಲ್ಲದೆ. ನಮ್ಮ ತರಗತಿಯಲ್ಲಿ ಅದೇ ಹೆಸರಿನ ಹುಡುಗಿಯೊಬ್ಬಳಿದ್ದಳು. ಹುಡುಗರು ಹೋ ಎಂದು ಕೂಗಿದರು. ಆ ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವನ ರಟ್ಟೆ ಹಿಡಿದು ಹೊರಗೆಳೆದು ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು. "ನಾಚಿಕಿ ಬರೂದಿಲ್ಲೇನೋ ನಿನಗ?" ಎಂದೆ. ಅವನು ಮಾತಾಡಲಿಲ್ಲ. ಅವನ ಮುಂಗೈ ಮುಳ್ಳಿಗೆ ಗೀರಿ ರಕ್ತ ಬಂದಿದ್ದನ್ನು ಬಸ್ಸು ಹತ್ತಿದ ಮೇಲೆ ನೋಡಿದೆ.

ಬಸ್ಸು ಹುಣಸೂರು ದಾಟಿದಾಗ, ಅತ್ತಿದ್ದ ಆ ಹುಡುಗಿಯೇ ನನ್ನ ಬಳಿ ಬಂದು ನಿಂತಳು. "ಟೀಚರ್ರೀ, ಅದು ನನ್ನ ಹೆಸರಲ್ಲಂತ್ರೀ. ಅವರವ್ವನ ಹೆಸರಂತ್ರೀ."

ಅವನ ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಮಳೆಯಿಲ್ಲದ ವರ್ಷ ಗಂಡಹೆಂಡಿರು ಗೋವಾದ ಕಡೆಗೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದರು. ಜ್ವರ ಬಂದು ಅಲ್ಲಿಯೇ ಸತ್ತಳು, ಅಲ್ಲಿಯೇ ಮಣ್ಣು ಮಾಡಿದರು. ಹುಡುಗ ಊರಲ್ಲಿ ಅಜ್ಜಿಯ ಹತ್ತಿರ ಇದ್ದ. ತಾಯಿ ಇಲ್ಲದ ಹುಡುಗ ಎಂಬುದು ನನಗೆ ಗೊತ್ತಿತ್ತು. ಅವಳ ಹೆಸರು ಗೊತ್ತಿರಲಿಲ್ಲ. ನಮ್ಮ ದಾಖಲಾತಿ ಪುಸ್ತಕದಲ್ಲಿ ತಾಯಿಯ ಹೆಸರಿಗೆ ಜಾಗವಿತ್ತು. ಅವನ ಸಾಲಿನಲ್ಲಿ ಅದು ಖಾಲಿಯಿತ್ತು. ಅವನನ್ನು ಸೇರಿಸಿಕೊಂಡ ದಿನ ಆ ಸಾಲು ಬರೆದವಳು ನಾನೇ. ಊರಿಗೆ ಬಂದ ಮರುದಿನ ಪುಸ್ತಕ ತೆರೆದು ನೋಡಿದೆ, ನನ್ನದೇ ಅಕ್ಷರ.

ಬಸ್ಸಿನಲ್ಲಿ ಅವನನ್ನು ಕರೆದು ಬದಿಯಲ್ಲಿ ಕೂಡಿಸಿಕೊಂಡೆ. "ಮೊದಲ ಹೇಳಬಾರದಿತ್ತೇನೋ?" ಎಂದೆ. "ನೀವು ಕೇಳಲಿಲ್ಲಲ್ರೀ" ಎಂದ. ದೂರಿನ ದನಿಯಿರಲಿಲ್ಲ, ಇದ್ದದ್ದನ್ನು ಹೇಳಿದ, ಅಷ್ಟೇ. ಮೊಳೆ ಎಲ್ಲಿಂದ ತಂದೆ ಎಂದು ಕೇಳಿದೆ. ಮೈಸೂರಿನಲ್ಲಿ ನಾವು ಇಳಿದುಕೊಂಡಿದ್ದ ಛತ್ರದ ಗೋಡೆಯಿಂದ ಕಿತ್ತದ್ದಂತೆ.

ಆಗ ನನಗೆ ಶ್ರವಣಬೆಳಗೊಳ ನೆನಪಾಯಿತು. ಅಲ್ಲಿಯ ಶಾಸನಗಳು ಐನೂರಕ್ಕೂ ಹೆಚ್ಚು. ಚಂದ್ರಗಿರಿಯ ಬರಿಬಂಡೆಯ ಮೇಲೆಯೇ, ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳಿವೆ. ಅವರಲ್ಲಿ ಹೆಂಗಸರೂ ಇದ್ದಾರೆ. ನಾನು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಹೇಳಿದ್ದೆ: ಸತ್ತವರನ್ನು ಮರೆಯಬಾರದೆಂದು ಇವರು ಹೆಸರು ಕೆತ್ತಿದರು, ಸಾವಿರ ವರ್ಷದ ಮೇಲೆ ನಾವು ಓದುತ್ತಿದ್ದೇವೆ. ಆಗ ಇವನು ಎದ್ದು ನಿಂತು, "ಯಾರ ಹೆಸರ ಬೇಕಾದ್ರೂ ಬರಸಬೋದಿತ್ತೇನ್ರೀ?" ಎಂದು ಕೇಳಿದ್ದ. ಒಳ್ಳೆಯ ಪ್ರಶ್ನೆ ಎಂದು ಬೆನ್ನು ತಟ್ಟಿ ಮುಂದಕ್ಕೆ ನಡೆದಿದ್ದೆ. ಉತ್ತರ ಕೊಟ್ಟಿರಲಿಲ್ಲ. ಬೆಳಗೊಳದಲ್ಲಿ ಹೇಳಿಕೊಟ್ಟ ಪಾಠಕ್ಕೆ ನಿಸರ್ಗಧಾಮದಲ್ಲಿ ಹೊಡೆದಂತಾಯಿತು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಕಲ್ಲಿನ ಮೇಲೆ ಬರೆದರೆ ಶಾಸನ, ಬಿದಿರಿನ ಮೇಲೆ ಬರೆದರೆ ಪುಂಡಾಟ. ಯಾಕೆ?

ಮೊದಲಿಗೆ ನನಗೆ ಹೊಳೆದ ಉತ್ತರ ಇದು: ಶಾಸನದಲ್ಲಿ ಹೆಸರಿನ ಜೊತೆಗೆ ಒಂದು ದಾನವಿರುತ್ತದೆ. ನಮ್ಮ ಮಹಾಕೂಟದ್ದೇ ಮಾತು ತೆಗೆದುಕೊಳ್ಳಿ. ಚಾಲುಕ್ಯ ಮಂಗಲೇಶನ ದೊಡ್ಡ ಕಂಬವೊಂದು ಇಲ್ಲಿತ್ತು, ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಆರನೆಯ ಶತಮಾನ ಮುಗಿದು ಏಳನೆಯದು ಹುಟ್ಟುವ ಹೊತ್ತಿನದು. ತಂದೆಯ ರಾಣಿ ದುರ್ಲಭದೇವಿಯ ಒಪ್ಪಿಗೆ ಪಡೆದು ಇಲ್ಲಿಯ ದೇವರಿಗೆ ಹತ್ತು ಹಳ್ಳಿಗಳನ್ನು ಬಿಟ್ಟದ್ದನ್ನು ಅದು ಹೇಳುತ್ತದೆ. ಅದಕ್ಕಿಂತ ನನಗೆ ಹತ್ತಿರದ್ದು ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದ ಮೇಲಿನ ಕನ್ನಡ ಶಾಸನ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ವಿಜಯಾದಿತ್ಯನ ಪ್ರೇಯಸಿ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿ ಕೊಟ್ಟಳು. ಅವಳು ಪಟ್ಟದರಾಣಿಯಲ್ಲ, ಗಣಿಕೆ. ಆ ಶಾಸನದಲ್ಲಿ ಅವಳ ಅಜ್ಜಿಯ ಹೆಸರಿದೆ, ರೇವಮಂಚಲು. ತಾಯಿಯ ಹೆಸರಿದೆ, ಕುಚಿಪೋಟಿ. ಆಮೇಲೆ ಅವಳದು. ಅಜ್ಜಿ, ತಾಯಿ, ಮಗಳು. ನಡುವೆ ತಂದೆ ಅಜ್ಜ ಯಾರೂ ಇಲ್ಲ. ಪ್ರವಾಸದಿಂದ ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ನಾನೊಬ್ಬಳೇ ಹೋಗಿ ಆ ಕಂಬದ ಮುಂದೆ ಬಹಳ ಹೊತ್ತು ಕೂತಿದ್ದೆ. ಎಷ್ಟೋ ಸಲ ಅದರ ಬದಿಗೆ ಹಾಯ್ದು ಹೋಗಿ ಕೈ ಮುಗಿದಿದ್ದೆ, ನಿಂತು ನೋಡಿರಲಿಲ್ಲ.

ಕೊಟ್ಟವರು ಹೆಸರು ಬರೆಸಲಿ ಎಂದರೆ, ಕೊಡಲು ಏನೂ ಇಲ್ಲದವರ ಗತಿ ಏನು? ಆ ಹುಡುಗನ ತಾಯಿ ಮಾಣಿಕ್ಯದ ಪೀಠ ಎಲ್ಲಿಂದ ತರಬೇಕಿತ್ತು? ಅವಳು ತಲೆಯ ಮೇಲೆ ಉಸುಕು ಇಟ್ಟಿಗೆ ಹೊತ್ತು ಯಾರ್‍ಯಾರದೋ ಮನೆಗಳನ್ನು ಎಬ್ಬಿಸಿದಳು. ಆ ಮನೆಗಳ ಬಾಗಿಲಲ್ಲಿ ಅಮೃತಶಿಲೆಯ ಮೇಲೆ ಮಾಲೀಕರ ಹೆಸರಿರುತ್ತದೆ. ದಾನದ ಲೆಕ್ಕವೂ ಅಷ್ಟು ಸರಳವಲ್ಲ.

ಹಾಗೆಂದು ಹಳೆಯ ಹೆಸರುಗಳೆಲ್ಲ ದಾನಿಗಳವೂ ಅಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದುಕೊಂಡು ಇಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಕೊರೆಸಿದ. ಊರಿನವರನ್ನು ಕೇಳಿ ಕೊರೆಸಿದನೇ? ಈಗ ಅದನ್ನೂ ಕಾಪಾಡುತ್ತೇವೆ, ಕಾಪಾಡಬೇಕಾದದ್ದೇ. 1958ರ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ, ಸ್ಮಾರಕದ ಮೇಲೆ ಗೀಚಿ ಕೆಡಿಸಿದವನಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಮೊದಲು ಬರೆದವರನ್ನು ಆಮೇಲೆ ಬರೆಯುವವರಿಂದ ಕಾಯುವ ಕಾನೂನು ಇದು ಎಂದು ಒಮ್ಮೊಮ್ಮೆ ನಗು ಬರುತ್ತದೆ.

ಆದರೂ ಬಿದಿರಿನ ಮಾತೇ ಬೇರೆ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಮಾವಿನ ಮರಕ್ಕೋ ಬೇವಿನ ಮರಕ್ಕೋ ಗಾಯವಾದರೆ ಅದು ವರ್ಷ ವರ್ಷ ದಪ್ಪವಾಗುತ್ತ ಗಾಯವನ್ನು ನುಂಗಿಕೊಳ್ಳಲು ನೋಡುತ್ತದೆ. ಬಿದಿರಿಗೆ ಆ ಶಕ್ತಿಯಿಲ್ಲ. ಕಳಲೆ ನೆಲದಿಂದ ಮೂಡುವಾಗ ಎಷ್ಟು ದಪ್ಪವಿರುತ್ತದೋ ಗಳ ಕೊನೆಯವರೆಗೆ ಅಷ್ಟೇ ದಪ್ಪ. ಮಳೆಗಾಲದ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ, ಆಮೇಲೆ ಬಲಿಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಅದರ ಮೈಮೇಲೆ ಮೊಳೆಯಿಂದ ಗೀರಿದ್ದು ಮಾಯುವುದಿಲ್ಲ. ಆ ಗಳ ಇರುವ ತನಕ ಗಾಯವೂ ಇರುತ್ತದೆ. ಬಂಡೆಗೆ ನೋವಿಲ್ಲ ಎಂದು ನಾವು ನಂಬಿದ್ದೇವೆ. ಬಿದಿರು ಜೀವವಿರುವಂಥದು, ಮೇಲಾಗಿ ಅದು ಅವನದಲ್ಲ, ನನ್ನದಲ್ಲ, ನಾಳೆ ಆ ದಾರಿಯಲ್ಲಿ ನಡೆಯುವ ಮಕ್ಕಳದೂ ಹೌದು. ಆದ್ದರಿಂದ ಅವನು ಮಾಡಿದ್ದು ತಪ್ಪು. ಇಷ್ಟು ವರ್ಷದ ಮೇಲೂ ತಪ್ಪೆಂದೇ ಹೇಳುತ್ತೇನೆ. ತಾಯಿಯ ಹೆಸರಾದರೂ ತಪ್ಪೇ.

ಆದರೆ ನಾನು ಹೊಡೆದದ್ದು ಆ ತಪ್ಪಿಗಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಬಿದಿರಿಗಾಗಿ ಸಿಟ್ಟು ಬಂದಿದ್ದರೆ ಆ ದಿನ ಬೆಳಗಿನಿಂದ ನೂರಾರು ಹೆಸರುಗಳನ್ನು ಓದುತ್ತ ಬಂದಾಗಲೇ ಬರಬೇಕಿತ್ತು. ಅವನು ತನ್ನ ಹೆಸರನ್ನೋ ಊರ ಹೆಸರನ್ನೋ ಕೆತ್ತಿದ್ದರೆ ಕಿವಿ ಹಿಂಡಿ ಬಿಡುತ್ತಿದ್ದೆ. ನನ್ನ ಕೈ ಮೇಲೆದ್ದದ್ದು ಅಲ್ಲಿ ಒಂದು ಹೆಣ್ಣಿನ ಹೆಸರಿತ್ತು ಎಂಬುದಕ್ಕೆ. ನಾಲ್ಕು ಜನ ಓಡಾಡುವಲ್ಲಿ ಹೆಣ್ಣಿನ ಹೆಸರು ಕಂಡರೆ ಅದರಲ್ಲೇನೋ ನಾಚಿಕೆಗೇಡು ಇರಲೇಬೇಕು ಎಂದು ನನ್ನೊಳಗೆ ಯಾರೋ ಕೂತು ತೀರ್ಪು ಕೊಟ್ಟುಬಿಟ್ಟರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಒಡಪಿನಲ್ಲಿ ಸುತ್ತಿ ಹೇಳುತ್ತಾರೆ. ಹೆಂಗಸರ ಹೆಸರನ್ನು ಹೇಳುವವರೇ ಕಡಿಮೆ. ಇಂಥವನ ಹೇಣತಿ, ಇಂಥವನ ಅವ್ವ ಎಂದರೆ ಮುಗಿಯಿತು. ನನ್ನ ತಾಯಿಯ ಮದುವೆಯಲ್ಲಿ ಪರಾತದಲ್ಲಿ ಅಕ್ಕಿ ಹರವಿ, ಉಂಗುರದಿಂದ ಅವಳ ಹೊಸ ಹೆಸರು ಬರೆಸಿದ್ದರಂತೆ. ಹಳೆಯ ಹೆಸರು ತವರಿನಲ್ಲಿ ಉಳಿಯಿತು, ಹೊಸದು ಅಕ್ಕಿಯ ಮೇಲೆ ಒಂದು ಗಳಿಗೆ ಇತ್ತು. ಆ ಅಕ್ಕಿಯನ್ನು ಆಮೇಲೆ ಅನ್ನ ಮಾಡಿದರೋ ಪಾಯಸ ಮಾಡಿದರೋ, ಅವ್ವನಿಗೆ ನೆನಪಿರಲಿಲ್ಲ.

ಕೆನ್ನೆಗೆ ಬಿದ್ದ ಏಟಿಗೂ, ದಾಖಲಾತಿ ಪುಸ್ತಕದ ಆ ಖಾಲಿ ಜಾಗಕ್ಕೂ ಕಾರಣ ಒಂದೇ ಎಂದು ನನಗೆ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಅವನ ಮುಂದೆ ತಪ್ಪಾಯಿತು ಎಂದು ಹೇಳಲಿಲ್ಲ. ಶಿಕ್ಷಕರಿಗೆ ಆ ಅಭ್ಯಾಸವಿಲ್ಲ. ಅವನ ಸಾಲಿನ ಖಾಲಿ ಜಾಗವನ್ನು ತುಂಬಿದೆ, ಅವನು ಏಳನೆಯದು ಪಾಸಾಗಿ ಬೇರೆ ಶಾಲೆಗೆ ಹೋದ. 2019ರ ಜನವರಿಯಲ್ಲಿ ನೆಂಟರೊಂದಿಗೆ ಮಡಿಕೇರಿಗೆ ಹೋಗಿದ್ದಾಗ ಹಟ ಮಾಡಿ ನಿಸರ್ಗಧಾಮದಲ್ಲಿ ಇಳಿದೆ. ಅದರ ಹಿಂದಿನ ಆಗಸ್ಟಿನಲ್ಲಿ ಕೊಡಗು ಮಳೆಗೆ ತತ್ತರಿಸಿತ್ತು. ನದಿ ಏರಿ ಬಂದ ಗುರುತು ಗಿಡಗಳ ಮೇಲೆ ಇನ್ನೂ ಇತ್ತು. ದಾರಿ ತಿರುಗುವ ಜಾಗ ಇದೇ ಇರಬೇಕೆಂದು ಒಂದೊಂದು ಮೆಳೆಯನ್ನೂ ಸುತ್ತಿ ನೋಡಿದೆ. ಸಿಗಲಿಲ್ಲ. ಗಳವೊಂದು ಹನ್ನೆರಡು ವರ್ಷ ಬಾಳುವುದು ಅಪರೂಪ. ಒಣಗಿ ಬಿದ್ದಿರಬೇಕು, ಇಲ್ಲವೇ ಕಡಿದಿರಬೇಕು. ಹೆಬ್ಬಿದಿರಂತೂ ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂಬಿಟ್ಟು, ಅಕ್ಕಿ ಕಟ್ಟಿ, ಮೆಳೆಗೆ ಮೆಳೆಯೇ ಸಾಯುವ ಜಾತಿ. ಅಲ್ಲಿ ಶಾಶ್ವತವಾಗಿ ಬರೆಯಲು ಯಾರಿಗೂ ಆಗುವುದಿಲ್ಲ. ಹೊಸ ಗಳಗಳು ಬಂದಿದ್ದವು, ಅವುಗಳ ಮೇಲೆ ಹೊಸ ಹೆಸರುಗಳು. ನೆಂಟರು ಬಸ್ಸಿನ ಹತ್ತಿರ ನಿಂತು ಕೂಗುತ್ತಿದ್ದರು. ಹೆಸರು ಅಳಿಸಿಹೋಗಿದ್ದಕ್ಕೆ ನೆಮ್ಮದಿಯಾಯಿತೋ ಸಂಕಟವಾಯಿತೋ ಹೇಳಲಾರೆ; ಎರಡೂ ಇತ್ತು.

2023ರ ಶ್ರಾವಣದಲ್ಲಿ ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದೆ. ನೀರಿಗೆ ಓಡುತ್ತಿದ್ದ ನಾಲ್ಕೈದು ವರ್ಷದ ಹುಡುಗಿಯೊಬ್ಬಳನ್ನು ಯಾರೋ ಹಿಂದಿನಿಂದ ಕೂಗಿ ಕರೆದರು. ಆ ಹೆಸರು ಕೇಳಿ ತಿರುಗಿದೆ. ಅವನೇ. ಮೀಸೆ ಬಂದಿತ್ತು, ಹೆಂಡತಿ ಜೊತೆಗಿದ್ದಳು. ಸತ್ತವರ ಹೆಸರನ್ನು ಮಕ್ಕಳಿಗೆ ಇಡುವುದು ನಮ್ಮಲ್ಲಿ ಹೊಸದಲ್ಲ. ಆದರೂ ಆ ಕೂಸಿನ ಮುಖ ನೋಡುತ್ತ ನನಗೊಂದು ತಲೆಹರಟೆ ವಿಚಾರ ಬಂತು: ಮಗುವಿನ ಮೇಲೆ ಹೆಸರು ಬರೆಯುವುದಕ್ಕಾದರೂ ಅದರ ಒಪ್ಪಿಗೆ ಯಾರು ಕೇಳಿದ್ದಾರೆ? ಅದೂ ಮಾಯದ ಗೀರೇ. ಕೂಸು ಮಾತ್ರ ತನ್ನ ಹೆಸರನ್ನು ಕೇಳಿಯೂ ಕೇಳದವರಂತೆ ನೀರಿಗೆ ಕಾಲು ಬಿಟ್ಟು ಕೂತಿತು.

"ಅವತ್ತ ನಿನಗ ಹೊಡದಿದ್ದೆ ನೋಡು..." ಎಂದು ಶುರು ಮಾಡಿದೆ. "ಬಿಡ್ರೀ ಟೀಚರ್ರೀ" ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಅದು ಇನ್ನೂ ಐತೇನ್ರೀ ಅಲ್ಲಿ?" ಎಂದ. "ಇಲ್ಲೋ. ನಾ ಹೋಗಿ ಹುಡುಕಿದೆ, ಸಿಗಲಿಲ್ಲ." ಅವನು ನನ್ನ ಮುಖವನ್ನೇ ನೋಡಿದ. "ನೀವು ಹುಡಕಾಕ ಹೋಗಿದ್ರೇನ್ರೀ?" ಎಂದ. ನಾವಿಬ್ಬರೂ ಆ ವಿಷಯ ಮತ್ತೆ ಆಡಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯಬಹುದಿತ್ತು. ಬರೆದಿಲ್ಲ, ಅದು ಅವನದು, ಕೇಳದೆ ಬರೆಯುವ ತಪ್ಪು ಈ ಕಾಗದದ ಮೇಲೆ ಬೇಡ.

ಈಗ ಜೂನ್ ತಿಂಗಳ ದಾಖಲಾತಿಯಲ್ಲಿ ಮಗುವಿಗೆ ನಾನು ಮೊದಲು ಕೇಳುವುದು ಅದರ ತಾಯಿಯ ಹೆಸರು. ಆಧಾರ್ ಕಾರ್ಡು ನೋಡಿ ಬರೆದುಕೊಳ್ಳಬಹುದು, ಆದರೂ ಮಗುವನ್ನೇ ಕೇಳುತ್ತೇನೆ. ಈ ವರ್ಷ ಅಜ್ಜನ ಕೈ ಹಿಡಿದು ಬಂದ ಒಬ್ಬ ಪೋರ, "ಅವ್ವ" ಎಂದ. ಅಲ್ಲೋ, ಅವ್ವನ ಹೆಸರೇನು ಎಂದೆ. ಅವ್ವನ ಹೆಸರು ಅವ್ವ ಎಂದೇ ಹಟ ಹಿಡಿದ. ಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಮರುದಿನ ಬಂದು ನಿಂತ. "ಕೇಳಿದೇನು?" ಎಂದೆ. "ಕೇಳಿದ್ನಿರೀ." "ಏನಂದಳು?" "ನಕ್ಕಳ್ರೀ. ನನ್ನ ಹೆಸರ ತೊಗೊಂಡ ಏನ ಮಾಡ್ತಾರಂತ ಅಂದಳ್ರೀ."

ನಾಳೆ ಮತ್ತೆ ಕೇಳಿಕೊಂಡು ಬಾ ಎಂದು ಹೇಳಿದ್ದೇನೆ.